ಪೊನ್ನಮ್ಮ ಬದುಕಿರುವಾಗಲೇ ಕೇಳಿದ ಹಾಡು

ಬೊಳ್ಳಪ್ಪ ದೊಡ್ಡಪ್ಪ ಹೆಂಗಸರ ಮೇಲೆ ಹಾಡಿದರೆ ಕಲ್ಲೂ ಕರಗುತ್ತದೆ, ಅದಕ್ಕೆ ಅವರ ತಬ್ಬಲಿ ಬಾಲ್ಯವೇ ಕಾರಣ ಎಂದು ಮಡಿಕೇರಿಯ ಮೇಷ್ಟರೊಬ್ಬರು ಪತ್ರಿಕೆಯಲ್ಲಿ ಬರೆದರು. ಮಣ್ಣಾಂಗಟ್ಟಿ! ಕಾರಣ ಅವರ ಹೆಂಡತಿ, ನನ್ನ ದೊಡ್ಡಮ್ಮ ಪೊನ್ನಮ್ಮ. ಅದನ್ನು ತಿಳಿಯಲು ಮೇಷ್ಟರು ಜಗಲಿ ದಾಟಿ ಒಳಗೆ ಬರಬೇಕಿತ್ತು.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ದುಡಿ ಬಾರಿಸುತ್ತಾ ಅವರ ಬಾಳನ್ನೇ ಹಾಡುತ್ತಾರೆ. ಬ್ರಿಟಿಷ್ ಕಮಿಷನರ್ ದೊರೆಗಳ ಆ ಕಾಲದಲ್ಲಿ ಗಡಿಯ ಕುಟ್ಟದವರೆಗೂ ದೊಡ್ಡಪ್ಪನಿಗೇ ಕರೆ. ಮೊದಲೆಲ್ಲ ಗಂಡಸು ಸತ್ತರೆ ಅವನ ಬೇಟೆ, ಗದ್ದೆ, ಜಗಳ ಎಲ್ಲ ಹಾಡುತ್ತಿದ್ದರು. ಹೆಂಗಸಾದರೆ 'ಮೆಟ್ಟಿದ ಮನೆಯಲ್ಲಿ ಸುಖವಾಗಿ ಬಾಳಿದಳು' ಎಂದು ಮುಗಿಸಿಬಿಡುತ್ತಿದ್ದರು. ಎಲ್ಲ ಹೆಂಗಸರಿಗೂ ಅದೇ ಸಾಲು.

ಒಂದು ವರ್ಷ ದೊಡ್ಡಮ್ಮನಿಗೆ ಚಳಿಜ್ವರ ಹಿಡಿದು ಏಳಲಾಗದಂತಾಯಿತು. ಆಸ್ಪತ್ರೆಯ ಕಹಿ ಪುಡಿಯೂ ನಾಟಲಿಲ್ಲ. ಮಧ್ಯಾಹ್ನ ನಾನು ಕೊಟ್ಟ ಗಂಜಿ ತಳ್ಳಿ, "ನನ್ನ ಹಾಡು ಈಗಲೇ ಹಾಡಿ" ಎಂದು ಗಂಡನಿಗೆ ಹೇಳಿದರು.

"ಬಾಯಿಗೆ ಬಂದದ್ದು ಹೇಳ್ಬೇಡ. ಬದುಕಿರುವವರಿಗೆ ಸಾವಿನ ಹಾಡು ಹಾಡ್ತಾರಾ?"

"ಸತ್ತ ಮೇಲೆ ಹಾಡಿದ್ರೆ ನಂಗೆ ಕೇಳ್ತದಾ? ಊರಿಗೆಲ್ಲ ಕೇಳಿಸುವ ಹಾಡು ನಂಗೊಬ್ಳಿಗೇ ಇಲ್ವಾ?"

ದೊಡ್ಡಪ್ಪ ಅಂಗಳಕ್ಕೆ ಹೋದರು, ಬಂದರು. ಕೊನೆಗೆ ದುಡಿ ತಂದು, ಅಪಶಕುನ ಆಗದಿರಲೆಂದು ಮದುವೆ ಹಾಡಿನ ಧಾಟಿ ಹಿಡಿದರು. ದೊಡ್ಡಮ್ಮನ ತವರಿನ ಹೆಸರು ಹಾಡಿದರು. ಅಲ್ಲಿಗೆ ನಿಂತಿತು. ಊರವರ ಬಾಳೆಲ್ಲ ಬಾಯಿಪಾಠ, ಹೆಂಡತಿಯ ಬಾಲ್ಯವೇ ಗೊತ್ತಿಲ್ಲ. ದೀಪದ ಬುಡ ಕತ್ತಲೆ ಎನ್ನುವುದು ಸುಳ್ಳಲ್ಲ.

"ಚಿಕ್ಕವಳಿದ್ದಾಗ ಏನು ಮಾಡ್ತಿದ್ದೆ?" ಎಂದು ಕೇಳಿದರು.

ದೊಡ್ಡಮ್ಮನ ಮುಖಕ್ಕೆ ಕಳೆ ಬಂತು. "ತುಂಬಿದ ಹೊಳೆ ಈಜಿ ಅಣ್ಣನ ಕೈಲಿ ಪೆಟ್ಟು ತಿಂದಿದ್ದೆ. ಅದನ್ನ ಹಾಕಿ."

ಅದನ್ನು ಹಾಡಿದರು. ಹೇಳಿದ್ದನ್ನೆಲ್ಲ ಹಾಡಿದರು. "ಉಳಿಯದ ಮಗುವಿನ ಹೆಸರೂ ಬರ್ಲಿ" ಎಂದಾಗ ಅದನ್ನೂ ಹಾಡಿದರು. ದೊಡ್ಡಪ್ಪನ ಬಾಯಲ್ಲಿ ಆ ಹೆಸರು ನಾನು ಅಂದೇ ಕೇಳಿದ್ದು.

ಆಮೇಲೆ ಆ ಸಾಲು ಬಂತು. ದುಡಿಯ ಮೇಲೆ ಕೈ ನಿಂತಿತು.

"ಇಲ್ಲಿ... ಸುಖವಾಗಿ ಬಾಳಿದಳು ಅಂತ ಹಾಡ್ಲಾ?"

ಅಷ್ಟು ವರ್ಷ ಯಾರನ್ನೂ ಕೇಳದೆ ಹಾಡಿದ ಸಾಲು ಅದು. ಈಗ ಹೆಂಡತಿಯ ಮುಖವನ್ನೇ ನೋಡುತ್ತಾ ಕೇಳುತ್ತಿದ್ದರು. ಇಲ್ಲ ಎಂದುಬಿಟ್ಟರೆ ಗತಿಯೇನು? ನನಗೆ ಅಯ್ಯೋ ಪಾಪ ಅನಿಸಿತು. ದೊಡ್ಡಮ್ಮನೋ, ಸಂತೆಯಲ್ಲಿ ಸೀರೆ ಆರಿಸುವವರ ಹಾಗೆ ನಿಧಾನವಾಗಿ ಯೋಚಿಸಿದರು.

"ಹಾಡಿ. ಆದ್ರೆ ಮೆಲ್ಲಗೆ. ಊರಿಗೆಲ್ಲ ಕೇಳುವಷ್ಟೇನೂ ಇರ್ಲಿಲ್ಲ. ನಮ್ಮಿಬ್ರಿಗೆ ಸಾಕಾಗುವಷ್ಟು ಇತ್ತು."

ದೊಡ್ಡಪ್ಪ ದುಡಿ ಕೆಳಗಿಟ್ಟು, ಅವರ ಕಿವಿಯ ಹತ್ತಿರ ಬಗ್ಗಿ ಹಾಡಿದರು. ಪಕ್ಕದಲ್ಲೇ ಇದ್ದ ನನಗೂ ಅದು ಕೇಳಿಸಲಿಲ್ಲ.