ಸದ್ದು ಸೋರದ ಇಯರ್‌ಫೋನ್

ಹೊಳೆನರಸೀಪುರ ಬಿಟ್ಟಾಗಿನಿಂದ ವರದರಾಜನ ಕಿವಿಯಿಂದ ಹಾಡು ಸೋರುತ್ತಿತ್ತು. ಬಸ್ಸಿನ ಗದ್ದಲದ ನಡುವೆಯೂ ಪಕ್ಕದ ಸೀಟಿನಲ್ಲಿದ್ದ ರಂಜನಿಗೆ ಅದು ಕೇಳಿಸುತ್ತಿತ್ತು. ಚಿಸ್ ಚಿಸ್ ಎಂಬ ತಾಳ, ಅದರ ಮೇಲೆ ಯಾವಳೋ ಎಳೆದೆಳೆದು ಹಾಡುವ ಪ್ರೇಮಗೀತೆ. ಮೈದುನ ಕಣ್ಣು ಮುಚ್ಚಿಕೊಂಡು ಮೊಣಕಾಲಿನ ಮೇಲೆ ಬೆರಳಾಡಿಸುತ್ತಿದ್ದ. ಅವನ ಅಣ್ಣ, ಅಂದರೆ ರಂಜನಿಯ ಗಂಡ ವಸಿಷ್ಠ, ಇದೇ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಎಂಟು ತಿಂಗಳಾಗಿತ್ತು.

ರಂಜನಿ ಕಿಟಕಿಯ ಕಡೆ ಮುಖ ಮಾಡಿ ಹಲ್ಲು ಕಚ್ಚಿ ಕೂತಳು. ಅವಳು ಹಾಸನಕ್ಕೆ ಹೊರಟದ್ದೂ ಒಂದು ಇಯರ್‌ಫೋನಿಗಾಗಿಯೇ. ಒಬ್ಬಳನ್ನೇ ಕಳಿಸಲು ಅತ್ತೆ ವಸಂತಮ್ಮ ಒಪ್ಪಿರಲಿಲ್ಲ.

ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬವಿಲ್ಲ, ಹೋಳಿಗೆಯಿಲ್ಲ, ಹಾಡಿಲ್ಲ. ರೇಡಿಯೋ ಅಟ್ಟ ಸೇರಿತ್ತು. ಇದಕ್ಕೆಲ್ಲ ರಂಜನಿ ಎದುರಾಡಿರಲಿಲ್ಲ. ಹಾಡು ಬೇಕೆಂದು ಅವಳಿಗೇ ಅನ್ನಿಸಿರಲಿಲ್ಲ. ಕಾಲೇಜಿಗೆ ಹೋಗಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿ ಬರುತ್ತಿದ್ದಳು. ತಟ್ಟೆಗೆ ಬಿದ್ದದ್ದನ್ನು ಉಣ್ಣುತ್ತಿದ್ದಳು. ಕಾಫಿ ನಾಲಿಗೆ ಸುಟ್ಟರೂ ಗೊತ್ತಾಗುತ್ತಿರಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲ ಅತ್ತುಬಿಡಮ್ಮ ಎಂದರು. ಅಳು ಬರಲಿಲ್ಲ. ಏನೂ ಬರಲಿಲ್ಲ.

ಒಂದು ಭಾನುವಾರ ಬೀರು ಒರೆಸುವಾಗ ಬಟ್ಟೆಗಳ ಸಂದಿಯಲ್ಲಿ ಹೆಬ್ಬೆರಳಷ್ಟು ಉದ್ದದ ಎಂಪಿ3 ಪ್ಲೇಯರ್ ಸಿಕ್ಕಿತು. ಮೈಸೂರಿನ ಹಾಸ್ಟೆಲ್ ಕಾಲದ್ದು. ಗೆಳತಿ ಸಂಹಿತಾ ಅದರ ತುಂಬ ತನ್ನ ಇಷ್ಟದ ಸಂಗೀತ ಹಾಕಿಕೊಟ್ಟಿದ್ದಳು. ಅದರಲ್ಲಿ ಮಾತಿಲ್ಲ, ಹಾಡುವವರಿಲ್ಲ. ಯಂತ್ರದಲ್ಲೇ ಹುಟ್ಟಿದ ತಾಳ, ಅದರ ತಳದಲ್ಲಿ ಗುಂಯ್‌ಗುಡುವ ದಪ್ಪ ದನಿ. ವಸಿಷ್ಠನಿಗೆ ಅದು ಆಗುತ್ತಿರಲಿಲ್ಲ. "ರೈಸ್ ಮಿಲ್ಲಲ್ಲಿ ಕೂತಂಗಿದೆ ಕಣೇ, ಆರ್ಸು" ಎನ್ನುತ್ತಿದ್ದ. ಹಾಗಾಗಿ ಆ ಸಂಗೀತಕ್ಕೆ ಅವನ ನೆನಪು ಅಂಟಿರಲಿಲ್ಲ. ಹಳೆಯ ಇಯರ್‌ಫೋನ್ ಸಿಕ್ಕಿಸಿ ದನಿ ಪೂರ್ತಿ ಏರಿಸಿ, ಬೆರಳಿನಿಂದ ಕಿವಿಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಆ ದಪ್ಪ ದನಿ ಕಿವಿಯಿಂದ ದವಡೆಗೆ, ದವಡೆಯಿಂದ ಕತ್ತಿನ ಕೆಳಗೆ ಇಳಿಯಿತು. ಅಲ್ಲಿ ಏನೋ ಅಲುಗಿತು. ಅಷ್ಟು ತಿಂಗಳಲ್ಲಿ ತನಗೊಂದು ಮೈ ಇದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಆಮೇಲೆ ದಿನಾ ಕಾಲೇಜಿನಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಕೇಳತೊಡಗಿದಳು. ಹಳೆಯ ಇಯರ್‌ಫೋನು ಕಿವಿಯ ಬಾಯಿಗೆ ಸುಮ್ಮನೆ ಆತುಕೊಳ್ಳುವಂಥದ್ದು. ಒಳಗೆ ಹೋದಷ್ಟೇ ಸದ್ದು ಹೊರಗೂ ಬರುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಪಾರ್ವತಮ್ಮ ಒಂದು ದಿನ ಕಿಟಕಿಗೆ ಕಿವಿಗೊಟ್ಟು, "ಏನ್ರೀ ವಸಂತಮ್ಮ, ಇಷ್ಟು ಬೇಗ ನಿಮ್ಮನೇಲಿ ಹಾಡು ಶುರುವಾಯ್ತಾ?" ಎಂದರು.

ಆ ಸಂಜೆಯೇ ವಸಂತಮ್ಮ ಇಯರ್‌ಫೋನನ್ನು ಹಂಡೆ ಒಲೆಗೆ ಹಾಕಿದರು. ಕೂಗಾಡಲಿಲ್ಲ. "ನನ್ನ ಮಗನ ವರ್ಷಾಬ್ದಿಕ ಆಗಲಿ, ಅಲ್ಲೀತನಕ ಈ ಮನೇಲಿ ಹಾಡು ಬೇಡ. ತಡೆಯಕ್ಕೇ ಆಗಲ್ಲ ಅನ್ನೋದಾದ್ರೆ ದೇವರನಾಮ ಕೇಳ್ಕೋ. ಅದೂ ಒಂದು ಚೂರೂ ಹೊರಗೆ ಕೇಳಿಸ್ಕೂಡದು" ಎಂದರು.

ಪ್ಲಾಸ್ಟಿಕ್ ಸುಟ್ಟ ನಾತ ಬಚ್ಚಲುಮನೆಯಿಂದ ಬೇಗ ಹೋಗಲಿಲ್ಲ. ಆ ನಾತದಲ್ಲಿ ನಿಂತು ನೀರು ಹುಯ್ದುಕೊಳ್ಳುವಾಗ ರಂಜನಿಗೆ ಸಿಟ್ಟು ಬಂತು. ಬಂದದ್ದು ಒಳಗೇ ಉಳಿಯಿತು. ಸದ್ದು ಸೋರದ ಇಯರ್‌ಫೋನ್ ತರುತ್ತೇನೆ ಎಂದಳು. ವಸಂತಮ್ಮ ಕಿರಿಯ ಮಗನನ್ನು ಜೊತೆಗೆ ಅಂಟಿಸಿದರು.

ಹಾಸನದ ಬಸ್ ನಿಲ್ದಾಣದ ಎದುರಿನ ಗಲ್ಲಿಯಲ್ಲಿ ದೇವರಾಜು ಎಂಬವನ ಮೊಬೈಲ್ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರು ಮೆಟ್ಟಿಲ ಮೇಲೆ ನಿಲ್ಲಬೇಕು. ಅವನು ರಂಜನಿಯ ತಲೆಯ ಮೇಲಿಂದ ವರದರಾಜನನ್ನು ನೋಡಿ, "ಬನ್ನಿ ಸಾ, ಏನ್ ಬೇಕಿತ್ತು?" ಎಂದ.

"ನಮ್ಮತ್ತಿಗೆಗೆ ಒಂದು ಇಯರ್‌ಫೋನ್. ಭಕ್ತಿಗೀತೆ ಕೇಳಕ್ಕೆ. ಸಾಧಾರಣದ್ದು ಸಾಕು."

"ಭಕ್ತಿಗೀತೆಗಲ್ಲ," ಎಂದಳು ರಂಜನಿ. "ದಪ್ಪ ದನಿ, ಬೇಸ್, ಚೆನ್ನಾಗಿ ಬರಬೇಕು. ಕಿವಿ ಒಳಗೆ ಕೂರೋ ಥರದ್ದು ತೋರಿಸಿ. ಮುನ್ನೂರು ರೂಪಾಯಿ ಒಳಗೆ."

ದೇವರಾಜು ಮತ್ತೆ ವರದರಾಜನನ್ನೇ ನೋಡಿದ. "ತಮ್ಮಂಗೆ ತಗಂಡೋಗ್ತಾವ್ರಾ ಸಾ?"

"ನನಗೇ. ನನ್ನ ಹತ್ರ ಮಾತಾಡಿ."

"ಅಂಗಾದ್ರೆ ಇದು ತಗಳಿ ಮೇಡಂ. ಮೆಗಾ ಬೇಸ್ ಅಂತ ಮ್ಯಾಲೇ ಬರ್ದವ್ರೆ. ತಲೆ ಒಳಗೇ ಆರ್ಕೆಸ್ಟ್ರಾ."

"ಹಾಕಿ ನೋಡ್ತೀನಿ."

"ಕಿವಿಗಾಕಿ ನೋಡಂಗಿಲ್ಲ ಮೇಡಂ. ಗಲೀಜಾಯ್ತದೆ."

"ಚಪ್ಪಲಿ ಅಂಗಡೀಲಿ ಕಾಲಿಗೆ ಹಾಕದೆ ತಗೋತೀರಾ?"

"ಕಾಲೂ ಕಿವಿನೂ ಒಂದೇನಾ ಮೇಡಂ?" ಎನ್ನುತ್ತಲೇ ಅವನು ಪೊಟ್ಟಣ ಬಿಚ್ಚಿದ.

ಮೆಗಾ ಬೇಸಿನ ತಲೆ ಎಷ್ಟು ದಪ್ಪವಿತ್ತೆಂದರೆ ಅದು ಕಿವಿಯೊಳಗೆ ಹೋಗಲೇ ಇಲ್ಲ. ತಗಡು ಬಡಿದಂತೆ ಕೇಳಿಸಿತು. ಎರಡನೆಯದು ಒಳಗೆ ಹೋಯಿತು, ಆದರೆ ತುದಿಯ ರಬ್ಬರು ದೊಡ್ಡದಾಗಿ ಜಾರಿ ಜಾರಿ ಬರುತ್ತಿತ್ತು. ಜಾರಿದೊಡನೆ ತಾಳದ ತಳವೇ ಕಳಚಿಹೋಗುತ್ತಿತ್ತು. ಕಿವಿಯ ಬಾಯಿ ಬಿಗಿಯಾಗಿ ಮುಚ್ಚದಿದ್ದರೆ ತಗ್ಗಿನ ದನಿ ನಿಲ್ಲುವುದಿಲ್ಲ, ಹೊರಗೆ ಸೋರುವುದೂ ಅದೇ ಸಂದಿಯಿಂದ. ಅವಳಿಗೆ ಬೇಕಾದದ್ದೂ ಅತ್ತೆಗೆ ಬೇಕಾದದ್ದೂ ಒಂದೇ ವಸ್ತು ಎಂಬುದು ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಇದಕ್ಕೆ ಸಣ್ಣ ರಬ್ಬರ್ ಬರುತ್ತಲ್ಲ, ಎಲ್ಲಿ?"

"ಅದಾ? ಯಾರೂ ಕೇಳಾಕಿಲ್ಲ ಮೇಡಂ. ತಗಳೋರೆಲ್ಲ ಗಂಡುಡುಗ್ರು." ಅವನು ಹಳೇ ಸ್ಕ್ರೂಗಳ ಡಬ್ಬಿಯೊಂದನ್ನು ಅವಳ ಮುಂದೆ ಸುರಿದ.

ಅದರಲ್ಲಿ ಹುಡುಕಿ ಒಂದು ಜೊತೆ ಆರಿಸಿ, ಸೆರಗಿನಿಂದ ಒರೆಸಿ, ಸಿಕ್ಕಿಸಿಕೊಂಡಳು. ಆಟೋಗಳ ಹಾರ್ನ್, "ಅರಕಲಗೂಡು, ಅರಕಲಗೂಡು" ಎಂಬ ಕಂಡಕ್ಟರನ ಕೂಗು, ಎಲ್ಲ ದೂರ ಸರಿದವು. ಪ್ಲೇಯರಿನ ಗುಂಡಿ ಒತ್ತಿದಳು. ದಪ್ಪ ದನಿ ಬಂತು. ನೆಲದ ಕೆಳಗಿಂದ ಬಂದಂತೆ ಬಂದು, ಬೆನ್ನು ಹತ್ತಿ, ಎದೆಗೂಡಿನಲ್ಲಿ ನಿಂತುಕೊಂಡಿತು. ಕಣ್ಣು ತಾನಾಗಿ ಮುಚ್ಚಿತು.

ಅಷ್ಟರಲ್ಲಿ ಯಾರೋ ವೈರು ಜಗ್ಗಿದರು. ವರದರಾಜ ಒಂದು ಕಿವಿಯದನ್ನು ಎಳೆದು ತನ್ನ ಕಿವಿಗೆ ಹಿಡಿದುಕೊಂಡಿದ್ದ.

"ಸದ್ದೇನೋ ಹೊರಗೆ ಬರ್ತಿಲ್ಲ," ಎಂದ. ಆಮೇಲೆ ಅವನ ಹುಬ್ಬು ಗಂಟಿಕ್ಕಿತು. "ಆದ್ರೆ ಇದೇನತ್ತಿಗೆ? ಕುಣಿಯೋರು ಹಾಕ್ಕೊಳ್ಳೋದು. ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ." ದೇವರಾಜುವಿನ ಕಡೆ ತಿರುಗಿ, "ಬೇಡ ಕಣಪ್ಪ, ಯಾವ್ದಾದ್ರೂ ಮಾಮೂಲಿದು ಕಟ್ಟು" ಎಂದ.

ರಂಜನಿ ಇನ್ನೊಂದು ಕಿವಿಯದನ್ನೂ ತೆಗೆದಳು.

"ವರದು, ಬಸ್ಸಲ್ಲಿ ಏನು ಕೇಳ್ತಿದ್ದೆ?"

"ಏನೋ... ಹಾಡು."

"ಸತ್ತದ್ದು ನನ್ನ ಗಂಡ ಮಾತ್ರಾನಾ? ನಿನ್ನ ಅಣ್ಣ ಸಾಯಲಿಲ್ವಾ?"

ದೇವರಾಜು ಒಂದು ಬಟ್ಟೆ ಎತ್ತಿಕೊಂಡು ಗಾಜು ಒರೆಸತೊಡಗಿದ.

"ಮೆಲ್ಲಗೆ ಅತ್ತಿಗೆ," ಎಂದ ವರದರಾಜ. "ನಾನೇನು ಮನೇಲಿ ಕೇಳ್ತೀನಾ? ಶಾಸ್ತ್ರ ಇರೋದು ಮನೆಗೆ. ಹೊಸಿಲು ದಾಟಿದ್ಮೇಲೆ ದೋಷ ಇಲ್ಲ ಅಂತ ಅಮ್ಮನೇ ಹೇಳಿದಾರೆ."

"ಯಾವಾಗ?"

"ವೈಕುಂಠ ಸಮಾರಾಧನೆ ಆದ್ಮೇಲೆ. ನಾನೇ ಕೇಳಿದ್ದೆ."

ಅಂದರೆ ಹದಿಮೂರನೆಯ ದಿನಕ್ಕೇ ಇವನಿಗೆ ಅಪ್ಪಣೆಯಾಗಿತ್ತು. ತಾನು ಬಚ್ಚಲಲ್ಲಿ ಹೊಗೆ ಕುಡಿಯುವಾಗಲೂ ಇವನಿಗೆ ಅಪ್ಪಣೆಯಿತ್ತು.

"ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ವಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ. ಹಣ ಕೊಟ್ಟು, ಇಯರ್‌ಫೋನನ್ನು ಪ್ಲೇಯರಿಗೆ ಸುತ್ತಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಮರಳುವ ಬಸ್ಸಿನಲ್ಲಿ ಹೆಂಗಸರ ಸೀಟು ಹಿಡಿದಳು. ವರದರಾಜ ನಿಂತೇ ಬಂದ. ದಾರಿಯಲ್ಲಿ ಅವಳು ಅದನ್ನು ಕಿವಿಗೆ ಹಾಕಲಿಲ್ಲ. ಕದ್ದು ಕೇಳುವ ಮನಸ್ಸು ಅವಳಿಗಿರಲಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ರಂಜನಿ ಕಾಲು ತೊಳೆದಳು, ಒಳಗೆ ಹೋಗಲಿಲ್ಲ. ಬೀದಿಯ ಕಡೆ ಮುಖ ಮಾಡಿ ಜಗಲಿಯ ಮೇಲೆ ಕೂತು ಎರಡೂ ಕಿವಿಗೆ ಸಿಕ್ಕಿಸಿಕೊಂಡಳು. ಎದುರುಮನೆಯವರು ಬಾಗಿಲಿಗೆ ಬಂದರು. ಪಾರ್ವತಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿದರು. ವಸಂತಮ್ಮ ಹೊಸಿಲಿನಲ್ಲಿ ನಿಂತು ಏನೋ ಹೇಳುತ್ತಿರುವುದು ತುಟಿಯ ಆಟದಲ್ಲಿ ತಿಳಿಯಿತು. ಒಂದು ಕಿವಿ ಬಿಡಿಸಿಕೊಂಡಳು.

"ಒಳಗೆ ಬಾರೇ. ಬೀದೀಲಿ ಕೂತು ಇದೇನು ಅವತಾರ?"

"ಹೊಸಿಲಾಚೆ ದೋಷ ಇಲ್ಲ ಅಂದಿದ್ರಂತಲ್ಲ ಅತ್ತೆ, ವರದೂಗೆ."

ವಸಂತಮ್ಮ ಮಗನನ್ನು ಸುಡುವಂತೆ ನೋಡಿದರು. "ಅವನು ಗಂಡು. ಹೊರಗೆ ತಿರುಗೋನು."

"ನಾನೂ ದಿನಾ ಕಾಲೇಜಿಗೆ ತಿರುಗ್ತೀನಿ. ಸದ್ದು ಬರ್ತಿದೆಯಾ ನಿಮಗೆ?"

"ಸದ್ದಿಲ್ಲ. ಜನ ನೋಡ್ತಿದಾರಲ್ಲೇ." ಅವರ ದನಿ ತಗ್ಗಿತು, ಬೇಡುವ ಹಾಗಾಯಿತು. "ಬಾ, ನಿನ್ನ ಕೋಣೇಲೇ ಕೇಳ್ಕೋ. ಬಾಗಿಲು ಹಾಕ್ಕೊಂಡು ಏನು ಬೇಕಾದ್ರೂ ಕೇಳ್ಕೋ. ಯಾಕೆ ಅಂತ ನಾನು ಕೇಳಲ್ಲ."

ರಂಜನಿ ಅತ್ತೆಯ ಮುಖವನ್ನು ನೋಡಿದಳು. ಮಗನನ್ನು ಕಳೆದುಕೊಂಡ ಮುಖ ಅದು. ಅದು ಅವಳಿಗೆ ಗೊತ್ತಿತ್ತು. ಆದರೂ ಸಿಟ್ಟು ಒಂದು ಕೂದಲಷ್ಟೂ ಇಳಿಯಲಿಲ್ಲ.

"ಬೇಡ ಅತ್ತೆ. ಶಾಸ್ತ್ರ ನೀವು ಬಿಟ್ಟರೂ ನಾನು ಬಿಡಲ್ಲ," ಎಂದು ರಬ್ಬರನ್ನು ಕಿವಿಯೊಳಕ್ಕೆ ಒತ್ತಿದಳು.

ವಸಂತಮ್ಮ ಇನ್ನೂ ಮಾತಾಡುತ್ತಿದ್ದರು. ಪಾರ್ವತಮ್ಮನೂ ಬಾಯಿ ಸೇರಿಸಿದರು. ರಂಜನಿ ಕಂಬಕ್ಕೆ ಒರಗಿ ದನಿ ಏರಿಸಿದಳು.