ಕೈ ಕೊಟ್ಟ ಹೆಬ್ಬೆರಳು

ಬೆಳಿಗ್ಗೆಯಿಂದ ಐದು ವೆಕ್ಟರ್ ಲೆಕ್ಕ ಮಾಡಿದ್ದೆ. ಐದರ ಉತ್ತರವೂ ತಲೆಕೆಳಗು! ಸಂಖ್ಯೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ದಿಕ್ಕು ಮಾತ್ರ ಉಲ್ಟಾ. ಪುಸ್ತಕದ ಕೊನೆಯಲ್ಲಿ 'ಮೇಲಕ್ಕೆ' ಎಂದಿದ್ದರೆ ನನ್ನದು 'ಕೆಳಕ್ಕೆ'. ಪುಸ್ತಕ ಬರೆದವರಿಗೇ ಬುದ್ಧಿಯಿಲ್ಲ ಎಂದು ತೀರ್ಮಾನಿಸಿದೆ.

ನಾನು ಕೂತಿದ್ದು ಅಜ್ಜನ ಮರಗೆಲಸದ ಅಂಗಡಿಯಲ್ಲಿ. ಅರ್ಧ ಮುಗಿದ ಬಾಗಿಲೊಂದು ಮಲಗಿತ್ತು. ಅದರ ಒಂದು ತುದಿಯಲ್ಲಿ ನನ್ನ ಪುಸ್ತಕ, ಇನ್ನೊಂದು ತುದಿಯಲ್ಲಿ ಸ್ಕ್ರೂ ಕೂರಿಸುತ್ತಿದ್ದ ಅಜ್ಜ.

"ಯಾಕೆ ಪುಟ್ಟಿ, ಮುಖ ಊದಿಸ್ಕೊಂಡಿದ್ದೀಯ?"

"ಬಲಗೈ ನಿಯಮ ಅಂತ ಒಂದಿದೆ ಅಜ್ಜ. ಮೊದಲನೇ ಬಾಣದಿಂದ ಎರಡನೇ ಬಾಣದ ಕಡೆಗೆ ಬೆರಳು ಮಡಿಸಿದ್ರೆ, ಹೆಬ್ಬೆರಳು ನಿಂತ ದಿಕ್ಕೇ ಉತ್ತರ. ನನ್ನ ಹೆಬ್ಬೆರಳು ಕೈ ಕೊಡ್ತಾ ಇದೆ."

"ಎಲ್ಲಿ, ಮಾಡಿ ತೋರ್ಸು."

ಬೆರಳು ಮಡಿಸಿ ತೋರಿಸಿದೆ. ಅಜ್ಜ ಕನ್ನಡಕವನ್ನು ಹಣೆಗೇರಿಸಿ ನೋಡಿದರು. ಮೀಸೆಯಲ್ಲೇ ನಕ್ಕು, ಸ್ಕ್ರೂಡ್ರೈವರ್ ನನ್ನತ್ತ ಚಾಚಿದರು.

"ಅದಿರ್ಲಿ, ಈ ಸ್ಕ್ರೂ ಒಂಚೂರು ಬಿಗಿ ಮಾಡ್ಬಿಡು."

ಹಿಡಿಯಲು ಬಲಗೈ ಚಾಚಿದೆ. ಅದರಲ್ಲಿ ಪೆನ್ನಿತ್ತು. ಬೆಳಿಗ್ಗೆಯಿಂದಲೂ ಇತ್ತು. ಹಾಗಾದರೆ ಇಷ್ಟು ಹೊತ್ತು ಮಡಿಸಿದ್ದು?

ಪೆನ್ನು ಕೆಳಗಿಟ್ಟು, ಈ ಸಲ ಬಲಗೈಯ ಬೆರಳು ಮಡಿಸಿದೆ. ಐದೂ ಉತ್ತರ ಪಟಪಟನೆ ಸರಿಹೋದವು. ನಗು ತಡೆಯಲಾಗದೆ ಸ್ಕ್ರೂ ಬಿಗಿ ಮಾಡತೊಡಗಿದೆ.

"ಗೊತ್ತಾಯ್ತಾ?" ಎಂದರು ಅಜ್ಜ. "ಅದಕ್ಕೇ ಕಣೇ, ಇಂಥದ್ದಕ್ಕೆಲ್ಲ ಎಡವಟ್ಟು ಅನ್ನೋದು. ಬಲವಟ್ಟು ಅಂತ ಯಾರಾದ್ರೂ ಅಂತಾರಾ?"