ಸಾವಕಾಶದ ಮಷೀನು

"ಜಿಗೀರಿ ಮಾಸ್ತರ್ರ, ಜಿಗೀರಿ! ದಿಮ್ಮಿ ಬಂತು!"

ಕಲ್ಯಾಣಪ್ಪ ಗುಂಡಿ ಒತ್ತಿದ. ಕಂಪ್ಯೂಟರಿನ ಪರದೆಯ ಮೇಲೆ ನೀಲಿ ಅಂಗಿಯ ಪುಟ್ಟ ಮನುಷ್ಯ ದಡ ಬಿಟ್ಟ. ಗಾಳಿಯಲ್ಲಿ ಒಂದಿಷ್ಟು ಹೊತ್ತು ಯೋಚನೆ ಮಾಡುವವನಂತೆ ನಿಂತು, ಹೊಳೆಯಲ್ಲಿ ತೇಲಿ ಬರುತ್ತಿದ್ದ ದಿಮ್ಮಿಯ ಮೇಲೆ ಇಳಿದ. ಅವನ ಹಿಂದೆಯೇ ಕೆಂಪು ಅಂಗಿಯವನೂ ಜಿಗಿದ. ಕೆಂಪು ಅಂಗಿಯವನನ್ನು ಆಡಿಸುತ್ತಿದ್ದವರು ಕೆಳಗಿನ ಅಂಗಡಿಯ ದರ್ಜಿ ಉಸ್ಮಾನಸಾಬರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಅವರ ಬಲಗೈ ಮಂದವಾಗಿತ್ತು. ಕತ್ತರಿ ಹಿಡಿಯಲಾರದ ಆ ಕೈ ಗುಂಡಿಯೊಂದನ್ನು ಹೇಗೋ ಒತ್ತುತ್ತಿತ್ತು.

ಅಫಜಲಪುರದ ಬಸ್ ನಿಲ್ದಾಣದ ಎದುರಿನ ಈ ಮಹಡಿ ಕೋಣೆಗೆ ಕಂಪ್ಯೂಟರ್ ಕ್ಲಾಸು ಎಂದು ಹೆಸರು. ಕಂಪ್ಯೂಟರು ಒಂದೇ, ಅದೂ ಹಳೆಯದು. ಬೆಳಿಗ್ಗೆ ನಾಲ್ಕು ಜನ ಬಂದು ಟೈಪು ಕಲಿತು ಹೋದರೆ ಮಧ್ಯಾಹ್ನವೆಲ್ಲ ಕಲ್ಯಾಣಪ್ಪನದೇ. ಹೆಂಡತಿ ಗುರುಶಾಂತಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಗೆ ಹೋದರೆ ಮಾತಿಲ್ಲ ಕಥೆಯಿಲ್ಲ. ಹೀಗಾಗಿ ಮಧ್ಯಾಹ್ನ ಮೂರಕ್ಕೆ ಮೆಟ್ಟಿಲ ಮೇಲೆ ಉಸ್ಮಾನಸಾಬರು ಕಾಲೆಳೆಯುವ ಸದ್ದು ಕೇಳಿದರೆ ಅವನಿಗೆ ಹಬ್ಬ. ಅದನ್ನು ಅವರಿಗೆ ಹೇಳುವಷ್ಟು ಬಾಯಿ ಮಾತ್ರ ಅವನಿಗಿರಲಿಲ್ಲ.

ಆಟ ಕೊಟ್ಟವನು ಸೊಲ್ಲಾಪುರದ ಗೆಳೆಯ ರಸೂಲ. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ ತಾನೇ ಎಂದು ಕಂಪ್ಯೂಟರು ವೇಷ ಹಾಕುವಂಥ ಪ್ರೋಗ್ರಾಮೊಂದನ್ನು ಅವನು ಫ್ಲಾಪಿಯಲ್ಲಿ ತುಂಬಿಕೊಟ್ಟಿದ್ದ. ವೇಷವೇನೋ ಹಾಕಿತು, ಕುಣಿಯಲು ಕಾಲು ಬರಲಿಲ್ಲ. ಸೆಕೆಂಡಿಗೆ ಅರವತ್ತು ಚಿತ್ರ ಓಡಬೇಕಾದಲ್ಲಿ ಇಪ್ಪತ್ತೆರಡು ಓಡುತ್ತಿದ್ದವು. ಪರದೆಯ ಮೂಲೆಯಲ್ಲಿ ಆ ಅಂಕಿ ಎದ್ದು ಕಾಣುತ್ತಿತ್ತು. ಆಟದ ಹಾಡಂತೂ ನಿದ್ದೆಗಣ್ಣಿನಲ್ಲಿ ಹಾಡಿದಂತೆ ಎಳೆಯುತ್ತಿತ್ತು. ನಡುನಡುವಿನ ಚಿತ್ರಗಳನ್ನು ಬಿಟ್ಟು ಓಡಿಸುವ ಉಪಾಯವನ್ನೂ ಕಲ್ಯಾಣಪ್ಪ ಮಾಡಿ ನೋಡಿದ್ದ. ಆಗ ದಡದ ಮೇಲಿದ್ದವನು ಮರುಗಳಿಗೆಗೆ ನೀರಿನಲ್ಲಿರುತ್ತಿದ್ದ, ಬಿದ್ದದ್ದು ಯಾವಾಗ ಎಂಬುದೇ ತಿಳಿಯುತ್ತಿರಲಿಲ್ಲ.

ಅವತ್ತು ಇಬ್ಬರೂ ಹೊಳೆ ದಾಟಿದ ಮೇಲೆ ಉಸ್ಮಾನಸಾಬರು ಕುರ್ಚಿಗೆ ಒರಗಿ ಹೇಳಿದರು:

"ನಿಮ್ಮ ಮಷೀನ್ ಭಾಳ ಸಾವಕಾಶ ಅದರಿ ಮಾಸ್ತರ್ರ."

ಕಲ್ಯಾಣಪ್ಪನಿಗೆ ಚುರುಕ್ಕೆಂದಿತು. ಗುಲಬರ್ಗಾದ ಕ್ಲಾಸುಗಳಿಗೆ ಹೊಸ ಕಂಪ್ಯೂಟರ್ ಬಂದಿವೆ ಎಂದು ಇಬ್ಬರು ಹುಡುಗಿಯರು ಹೋದ ತಿಂಗಳಷ್ಟೇ ಇಲ್ಲಿ ಕಲಿಯುವುದು ಬಿಟ್ಟಿದ್ದರು. ಈಗ ಉಸ್ಮಾನ ಚಾಚಾನೂ ಬೇಸತ್ತರೆ? ಇವರೂ ಬರುವುದು ನಿಲ್ಲಿಸಿದರೆ ಮಧ್ಯಾಹ್ನಗಳ ಗತಿ ಏನು?

"ಎಂಟು ದಿನ ತಡೀರಿ ಚಾಚಾ. ರಿಪೇರಿ ಮಾಡಿಸ್ತೇನಿ" ಎಂದ.

ಉಸ್ಮಾನಸಾಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಹೋಯಿತು.

ಕಲ್ಯಾಣಪ್ಪ ಸೊಲ್ಲಾಪುರಕ್ಕೆ ಹೋಗಿ, ರಸೂಲನನ್ನು ಕಾಡಿಬೇಡಿ, ಯಾರೋ ಬಳಸಿ ಬಿಟ್ಟ, ಇದಕ್ಕಿಂತ ವೇಗದ ಪೆಂಟಿಯಂ ಬೋರ್ಡು ತಂದ. ಎರಡು ದಿನ ಸ್ಕ್ರೂಗಳ ನಡುವೆ ಕಳೆದ. ಪರದೆಯ ಮೂಲೆಯಲ್ಲಿ ಅರವತ್ತು ಎಂದು ಬಿದ್ದಾಗ ಒಬ್ಬನೇ ಕೈ ತಟ್ಟಿ ನಕ್ಕ. ಹಾಡು ಈಗ ಹಾಡಿನಂತೆಯೇ ಕೇಳುತ್ತಿತ್ತು. ಚಾಚಾ ಬರುವಷ್ಟರಲ್ಲಿ ಕೈ ಪಳಗಲಿ ಎಂದು ಉಳಿದ ದಿನವೆಲ್ಲ ಆಡಿದ್ದೇ ಆಡಿದ್ದು.

ಶುಕ್ರವಾರ ನಮಾಜು ಮುಗಿಸಿಕೊಂಡು ಉಸ್ಮಾನಸಾಬರು ಬಂದರು. ಆಟ ಶುರುವಾಯಿತು. ದಿಮ್ಮಿಗಳು ಸರಸರ ಬಂದವು. ಕಲ್ಯಾಣಪ್ಪ ದಾಟಿದ. ಕೆಂಪು ಅಂಗಿಯವನು ನೀರಿಗೆ ಬಿದ್ದ.

"ಅರೆ!" ಎಂದು ಉಸ್ಮಾನಸಾಬರು ನಕ್ಕರು. ಮತ್ತೆ ಬಿದ್ದ. ಮೂರನೆಯ ಸಲ ಬಿದ್ದಾಗ ಅವರು ನಗಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ರೂಢಿ ಆಗ್ತದ ಚಾಚಾ."

"ಹೌದ್ರಿ, ಆಗ್ತದ. ಮಷೀನ್ ಭಾರಿ ಆಗ್ಯಾದ ನೋಡ್ರಿ. ಬರ್ತೇನಿ."

ಬರಲಿಲ್ಲ. ಶನಿವಾರ ಇಲ್ಲ, ಸೋಮವಾರ ಇಲ್ಲ. ಗುರುವಾರ ಮೂರು ಹೊಡೆದಾಗ ಕಲ್ಯಾಣಪ್ಪ ತಡೆಯಲಾರದೆ ಕೆಳಗಿಳಿದ. ಅಂಗಡಿಯ ಅರ್ಧ ಬಾಗಿಲು ತೆರೆದಿತ್ತು. ಬಟ್ಟೆ ಹೊದಿಸಿದ ಹೊಲಿಗೆ ಯಂತ್ರದ ಪಕ್ಕ ಉಸ್ಮಾನಸಾಬರು ಸುಮ್ಮನೆ ಕುಳಿತಿದ್ದರು.

"ಯಾಕ ಚಾಚಾ, ಬರಲಿಲ್ಲಲ್ಲ? ನೀವ ಸಾವಕಾಶ ಅದ ಅಂದ್ರಿ, ಅದಕ್ಕ ಬೋರ್ಡ್ ಬದಲಿ ಮಾಡ್ದೆ."

ಉಸ್ಮಾನಸಾಬರು ತಲೆಯೆತ್ತಿದರು. "ಸಾವಕಾಶ ಅದ ಅಂದೆ ಖರೇರಿ. ತಪ್ಪು ತೆಗೀಲಾಕ ಅಲ್ಲ. ನನ್ನ ಕೈ ಬರೂತನಕ ನಿಂದರ್ತಿತ್ತು ಅದು. ಮನ್ಯಾಗೂ ಯಾರೂ ಹಂಗ ನಿಂದರಂಗಿಲ್ಲ. ಅದಕ್ಕ ಹಂಗ ಅಂದೆ."

ಕಲ್ಯಾಣಪ್ಪನ ಮುಖ ಸಣ್ಣದಾಯಿತು. ಹೊಗಳಿಕೆಯನ್ನು ಬೈಗುಳವೆಂದು ತಿಳಿದು ಇಷ್ಟೆಲ್ಲ ಮಾಡಿಟ್ಟಿದ್ದ.

"ಮತ್ತ ಸಾವಕಾಶ ಮಾಡ್ತೇನಿ ಚಾಚಾ. ಒಂದ ಗುಂಡಿ ಒತ್ತಿದ್ರ ಆತು. ಈಗ ಬರ್ರಿ."

"ಬ್ಯಾಡ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. "ಆವಾಗ ಮಷೀನ್ ತಾನ ಸಾವಕಾಶ ಇತ್ತು. ನೀವೂ ಸಾವಕಾಶ, ನಾನೂ ಸಾವಕಾಶ. ಈಗ ನೀವು ನನ್ನ ಸಲುವಾಗಿ ಮಾಡ್ದಂಗ ಆಗ್ತದ. ಅದು ಬ್ಯಾಡ."

ಚಾಚಾ ಬೀದಿಯ ಕಡೆ ನೋಡುತ್ತ ಕುಳಿತರು. ಕಲ್ಯಾಣಪ್ಪ ಮೆಟ್ಟಿಲು ಹತ್ತಿ ಮೇಲೆ ಬಂದ.

ಬಂದವನು ಆಟದ ವೇಗವನ್ನು ಮೊದಲಿನ ಇಪ್ಪತ್ತೆರಡಕ್ಕೇ ಇಳಿಸಿದ. ಇಬ್ಬರು ಆಡುವ ಆಟವನ್ನೇ ಆರಿಸಿದ. ಹಾಡು ಎಳೆಯತೊಡಗಿತು. ದೂರದಲ್ಲಿ ದಿಮ್ಮಿ ಕಂಡಿತು. ಅರವತ್ತಕ್ಕೆ ಪಳಗಿದ ಅವನ ಬೆರಳು ಕಾಯಲಿಲ್ಲ. ದಿಮ್ಮಿ ಇನ್ನೂ ಅರ್ಧ ಹೊಳೆಯಲ್ಲಿರುವಾಗಲೇ ನೀಲಿ ಅಂಗಿಯವನು ಜಿಗಿದು, ಬಹಳ ಹೊತ್ತು ಗಾಳಿಯಲ್ಲಿದ್ದು, ನೀರಿನಲ್ಲಿ ಮುಳುಗಿದ. ಕೆಂಪು ಅಂಗಿಯವನು ದಡದಲ್ಲೇ ನಿಂತಿದ್ದ. ದಿಮ್ಮಿ ನಿಧಾನವಾಗಿ ಅವನ ಕಾಲ ಬಳಿ ಬಂದು, ಮುಂದೆ ಹೋಯಿತು.